ಎಡಗಿವಿಯ ತೆಳುಸ್ವರ

ಒಗೆಯುವ ಯಂತ್ರ ಅರ್ಧ ಗಂಟೆಯಿಂದ ಬಾಯಿ ಬಡಿದುಕೊಳ್ಳುತ್ತಿದೆ ಎಂದು ಹೆಂಡತಿ ಹೇಳಿದಾಗ ಸೂಜಿಗಿವಿ ಅದೇ ಯಂತ್ರಕ್ಕೆ ಎಡಭುಜ ಒರಗಿಸಿ ನಿಂತು, ಬಲಗಿವಿಗೆ ಫೋನು ಒತ್ತಿಕೊಂಡು, ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದ. ಯಂತ್ರ ತೆಪ್ಪಗಿತ್ತು. ಮಲಗಿದ ಎಮ್ಮೆಯಷ್ಟು ತೆಪ್ಪಗಿತ್ತು. ಅದರ ಹಣೆಯ ಮೇಲಿನ ಕೆಂಪು ದೀಪ ಮಾತ್ರ ಕಣ್ಣು ಮಿಟುಕಿಸುತ್ತಿತ್ತು. ‘ಅದರ ಗಂಟಲು ಬಿದ್ದುಹೋಗಿದೆ ಕಣೇ, ರಿಪೇರಿಯವನಿಗೆ ಹೇಳ್ಬೇಕು’ ಎಂದ. ಹೆಂಡತಿ ಬಂದು ಗುಂಡಿ ಒತ್ತಿದಳು, ದೀಪ ಆರಿತು, ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಅವನನ್ನೊಮ್ಮೆ ನೋಡಿದಳು; ಮದುವೆಯಾದ ಇಪ್ಪತ್ತೆರಡು ವರ್ಷ ನೋಡಿದ್ದನ್ನೆಲ್ಲ ಗಂಟು ಕಟ್ಟಿ ಒಂದೇ ಸಲ ನೋಡಿದ ಹಾಗೆ. ಅವಳು ಹೇಳದೆ ಉಳಿಸಿದ್ದು ಅವನಿಗೆ ಎರಡೂ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಆಸ್ಪತ್ರೆಯವರೆಲ್ಲ ಅವನನ್ನು ಸೂಜಿಗಿವಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಮೂರನೇ ಮಹಡಿಯಲ್ಲಿ ನರ್ಸಮ್ಮ ಸೂಜಿ ಬೀಳಿಸಿದರೆ ನೆಲಮಹಡಿಯಲ್ಲಿ ಕೂತವನು ಅದು ಮೊನೆ ಕೆಳಗಾಗಿ ಬಿತ್ತೋ ಬುಡ ಕೆಳಗಾಗಿ ಬಿತ್ತೋ ಹೇಳಬಲ್ಲ ಎಂಬುದು ಅವನ ಖ್ಯಾತಿ. ಗೋಡೆಯಾಚೆ ಇರುವೆ ಸಾಲು ಹೊರಟರೆ ಅದರಲ್ಲಿ ಕುಂಟುವುದು ಎಷ್ಟನೆಯದು ಎಂದು ಅವನಿಗೆ ತಿಳಿಯುತ್ತಿತ್ತು. ಹಾಗೆಂದು ಹೇಳಿಕೊಂಡವನು ಅವನೇ. ಮೊದಮೊದಲು ನಗಿಸಲಿಕ್ಕೆ, ಆಮೇಲೆ ಕೇಳಿದವರು ನಂಬಿದರೆಂದು, ಕಡೆಗೆ ತಾನೇ ನಂಬಿದನೆಂದು. ಇಪ್ಪತ್ತಾರು ವರ್ಷ ಊರವರ ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿಸಿದಾಗ ಕೈ ಎತ್ತಿ ಎಂದು ಹೇಳಿ ಕಿವಿ ಪರೀಕ್ಷಿಸುವುದೇ ಅವನ ಕೆಲಸವಾಗಿತ್ತು; ಸಮುದ್ರದ ನೀರನ್ನಾದರೂ ಅಳೆಯಬಹುದು, ಅವನು ಕೈ ಎತ್ತಿಸಿದವರನ್ನು ಎಣಿಸುವಂತಿರಲಿಲ್ಲ. ಆದರೆ ಎರಡು ವರ್ಷದಿಂದ ಈ ಖ್ಯಾತಿಯನ್ನು ಹೊತ್ತು ತಿರುಗುವುದು ಒಡೆದ ಮಡಕೆ ಹೊತ್ತಷ್ಟು ನಾಜೂಕಿನ ಕೆಲಸವಾಗಿತ್ತು. ಸಭೆಗಳಲ್ಲಿ ಅವನು ಎಡಗಡೆಯ ಕಟ್ಟಕಡೆಯ ಕುರ್ಚಿ ಹಿಡಿಯುತ್ತಿದ್ದ, ಮಾತಾಡುವವರೆಲ್ಲ ಬಲಕ್ಕೆ ಬರಲೆಂದು. ಫೋನು ಯಾವಾಗಲೋ ತಾನಾಗಿ ಬಲಗಿವಿಗೆ ವಲಸೆ ಹೋಗಿತ್ತು. ಜ್ವರ ನೋಡುವ ಕಡ್ಡಿ ಕೂಗಿತೇ ಇಲ್ಲವೇ ಎಂದು ಅವನು ಮಗಳ ಮುಖ ನೋಡಿ ತಿಳಿಯುತ್ತಿದ್ದ. ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ದಿನಾ ಬೆಳಿಗ್ಗೆ ಯಂತ್ರವನ್ನು ತಾನೇ ಕೇಳಿ ನೋಡಿ ಸರಿಯಿದೆ ಎಂದು ಬರೆಯುವ ಕೆಲಸವನ್ನು, ಕಲಿಯಲಿ ಎಂಬ ನೆಪದಲ್ಲಿ, ಹೊಸದಾಗಿ ಸೇರಿದ ಹುಡುಗಿಗೆ ದಾಟಿಸಿದ್ದ. ಎಂಥಾ ಗುರುಗಳು, ಎಲ್ಲಾ ಬಿಟ್ಟುಕೊಡ್ತಾರೆ ಎಂದು ಅವಳು ಊರೆಲ್ಲ ಹೊಗಳಿಕೊಂಡು ತಿರುಗಿದ್ದಳು.

ಬೀರುವಿನಲ್ಲಿ ವರ್ಷವಿಡೀ ನಿದ್ದೆ ಹೊಡೆದು ಉಚಿತ ತಪಾಸಣೆಗೆ ಮಾತ್ರ ಏಳುವ, ಕಿವಿ ಪರೀಕ್ಷಿಸುವ ಸಣ್ಣ ಯಂತ್ರವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಅವನು ಆ ಬೆಳಿಗ್ಗೆ ಕ್ರೀಡಾಂಗಣಕ್ಕೆ ಬಂದ. ಬುದ್ಧಿ ನಿಧಾನವಾಗಿ ಬೆಳೆದ ಆಟಗಾರರ ಕೂಟ. ಓಟ, ಜಿಗಿತ, ಗುಂಡು ಎಸೆತ ಮೈದಾನದಲ್ಲಿ, ಹಲ್ಲು, ಕಣ್ಣು, ಪಾದ, ಕಿವಿ ಮೆಟ್ಟಿಲುಗಳ ಕೆಳಗಿನ ಬಟ್ಟೆ ಬದಲಿಸುವ ಕೋಣೆಗಳಲ್ಲಿ. ಅವನ ಪಾಲಿಗೆ ಬಂದದ್ದು ಕಡೆಯ ಕೋಣೆ. ಮೂರು ಗೋಡೆಗೂ ಬಿಳಿ ಪಿಂಗಾಣಿ ಹೆಂಚು, ಒಂದು ನಲ್ಲಿ, ಯಾರೋ ಮರೆತ ಮಂಡಿಪಟ್ಟಿ. ಪಕ್ಕದ ಕೋಣೆಯಲ್ಲಿ ಹಲ್ಲಿನ ಡಾಕ್ಟರು ಆನೆಗಾಗುವಷ್ಟು ದೊಡ್ಡ ಪ್ಲಾಸ್ಟಿಕ್ ದವಡೆಯನ್ನು ಮೇಜಿನ ಮೇಲಿಟ್ಟು, ಕಸಪೊರಕೆಯಷ್ಟು ದೊಡ್ಡ ಬ್ರಷ್ಷಿನಿಂದ ತಿಕ್ಕಿ ತೋರಿಸುತ್ತಿದ್ದರು. ಸೂಜಿಗಿವಿ ಬಾಗಿಲು ಹಾಕಿ ಹೆಡ್‌ಫೋನ್ ತೊಟ್ಟ. ಕೆಂಪು ಬಟ್ಟಲು ಬಲಗಿವಿಗೆ, ನೀಲಿ ಬಟ್ಟಲು ಎಡಗಿವಿಗೆ. ಬಲಕ್ಕೆ ದಪ್ಪ ಸ್ವರ, ನಡುಸ್ವರ, ತೆಳುಸ್ವರ, ಎಲ್ಲ ಕೇಳಿದವು. ಎಡಕ್ಕೆ ದಪ್ಪದ್ದು ಕೇಳಿತು, ನಡುವಿನದು ಕೇಳಿತು. ತೆಳುಸ್ವರಕ್ಕೆ ಗುಂಡಿ ಒತ್ತಿದ. ಯಂತ್ರದ ಹಸಿರು ದೀಪ ಹತ್ತಿತು, ಆರಿತು. ಇಷ್ಟೇ. ಹೋದ ವರ್ಷವೂ ಇಷ್ಟೇ ಆಗಿತ್ತು. ಅವನು ಹೋದ ವರ್ಷ ಮಾಡಿದ್ದನ್ನೇ ಮಾಡಿದ. ಹಾಳೆಯ ಆ ಚೌಕದಲ್ಲೂ ಸರಿಗುರುತು ಎಳೆದ. ಉಳಿದವಕ್ಕಿಂತ ಕೊಂಚ ದಪ್ಪವಾಗಿಯೇ ಎಳೆದ. ಹೆಡ್‌ಫೋನನ್ನು ತಿರುಗಿಸಿ, ಕೆಂಪು ಬಟ್ಟಲನ್ನು ಎಡಗಿವಿಗೆ ಹಾಕಿ ನೋಡಿದರೆ ತಪ್ಪು ಯಂತ್ರದ್ದೋ ಕಿವಿಯದೋ ಎಂದು ಹತ್ತು ಸೆಕೆಂಡಿನಲ್ಲಿ ತಿಳಿಯುತ್ತದೆ. ಮೊದಲ ವಾರದಲ್ಲೇ ಕಲಿಸುವ ಪಾಠ. ಆ ಹತ್ತು ಸೆಕೆಂಡುಗಳನ್ನು ಅವನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದ, ಜನ ಹಲ್ಲು ಕೀಳಿಸುವುದನ್ನು ಮುಂದೂಡುವ ಹಾಗೆ. ತಪ್ಪು ಕಿವಿಯದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಮತ್ತೆ ತಿಳಿಯುವುದೇಕೆ.

ಎಂಟಕ್ಕೆ ಶುರುವಾದ ಸಾಲು ಹನ್ನೆರಡಾದರೂ ಕರಗಲಿಲ್ಲ. ಒಬ್ಬರು ಹೋದರೆ ಹತ್ತು ಜನ ಹುಟ್ಟಿಕೊಳ್ಳುತ್ತಿದ್ದರು. ಕಿವಿಗಳಿಂದ ಅವನು ಆ ಬೆಳಿಗ್ಗೆ ತೆಗೆದ ಗುಗ್ಗೆಯನ್ನು ರಾಶಿ ಹಾಕಿದ್ದರೆ ಉದ್ದಜಿಗಿತದವರು ಅದರ ಮೇಲಿಂದ ಜಿಗಿಯಬಹುದಿತ್ತು. ಗುಂಡು ಎಸೆಯುವ ಒಬ್ಬ ಭಾರೀ ಆಸಾಮಿ ಪ್ರತಿ ಸ್ವರಕ್ಕೂ ಎರಡೆರಡು ಕೈ ಎತ್ತಿದ, ಹೆಚ್ಚು ಅಂಕ ಸಿಗಲೆಂದು. ಈಜುವವಳೊಬ್ಬಳು ಹೆಡ್‌ಫೋನ್ ತೆಗೆಯಲು ಒಪ್ಪಲೇ ಇಲ್ಲ. ನೀಲಿ ಬಟ್ಟಲಿನ ತೆಳುಸ್ವರ ಬಂದಾಗ ಕೆಲವರ ಕೈ ಎದ್ದಿತು, ಕೆಲವರದು ತಡವಾಯಿತು. ತಡವಾದವರಿಗೆ ಅವನು ಇನ್ನೊಮ್ಮೆ ಒತ್ತಿ, ಹುಬ್ಬು ಸ್ವಲ್ಪ ಮೇಲೆತ್ತಿ, ಕೇಳಿಸ್ತಾ ಎಂಬಂತೆ ನೋಡುತ್ತಿದ್ದ. ಹುಬ್ಬು ಎದ್ದ ಕೂಡಲೇ ಕೈ ಏಳುತ್ತಿತ್ತು. ಅವರು ತುಂಬ ಮರ್ಯಾದಸ್ಥರು. ಬಿಳಿ ಕೋಟು ಹಾಕಿದವನು ಇಷ್ಟು ಆಸೆಪಟ್ಟು ಕೇಳುವಾಗ ಇಲ್ಲ ಎನ್ನುವ ಒರಟುತನ ಅವರಲ್ಲಿರಲಿಲ್ಲ. ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಮೂವತ್ತೆಂಟು ಜನರ ಎಡಗಿವಿ ದೇವತೆಗಳ ಕಿವಿಯ ಹಾಗಿದೆ ಎಂದು ಬರೆದಾಗಿತ್ತು.

ಮೂವತ್ತೊಂಬತ್ತನೆಯವಳು ಬಾಣ. ಹೆಸರಿಟ್ಟವರು ಅವಳ ತರಬೇತಿಯ ಮೇಷ್ಟ್ರು; ಟ್ರ್ಯಾಕು ತಿರುಗಿದರೂ ಅವಳು ತಿರುಗದೆ ನೇರ ಓಡಿ ಒಮ್ಮೆ ಕಾಂಪೌಂಡಿನವರೆಗೆ ಹೋಗಿದ್ದಳಂತೆ, ಅಂದಿನಿಂದ ನೂರು ಮೀಟರು ಬಿಟ್ಟು ಬೇರೇನೂ ಓಡಿಸುತ್ತಿರಲಿಲ್ಲ. ವಯಸ್ಸು ಇಪ್ಪತ್ತೇಳು. ಹಿಂದೆಯೇ ಅವಳ ಅಣ್ಣ, ಕ್ಷೌರಿಕ, ಅಂಗಡಿಗೆ ಬಾಗಿಲೆಳೆದು ಬಂದವನು, ಅಂಗಿಯ ಜೇಬಿನಲ್ಲಿ ಬಾಚಣಿಗೆ ಹಾಗೇ ಇತ್ತು. ಹೋದ ವರ್ಷ ಇದೇ ಹೆಂಚಿನ ಕೋಣೆಯಲ್ಲಿ ಈ ಮನುಷ್ಯ ಮೆಲ್ಲಗೆ ಹೇಳಿದ್ದ: ತಂಗಿಯ ಕೂದಲು ಕತ್ತರಿಸುವುದು ತಾನೇ, ಬಲಗಿವಿಯ ಹತ್ತಿರ ಕತ್ತರಿ ಆಡಿಸಿದರೆ ಕಚಗುಳಿ ಇಟ್ಟಂತೆ ನಗುತ್ತಾಳೆ, ಎಡಗಡೆ ಆಡಿಸಿದರೆ ಕಂಬದ ಹಾಗೆ ಕೂತಿರುತ್ತಾಳೆ, ಓಟದಲ್ಲೂ ಶುರುವಿಗೆ ಪಿಸ್ತೂಲು ಹೊಡೆಯುವವರು ಎಡಕ್ಕೆ, ಜನರ ಗದ್ದಲ ಬಲಕ್ಕೆ ಇರುವುದರಿಂದ ಪಕ್ಕದವರ ಕಾಲು ಎದ್ದಮೇಲೆ ಇವಳು ಏಳುತ್ತಾಳೆ. ಅವಳಿಗೆಂದು ಬಾವುಟ ಬೀಸಿ ಅಂದರೆ, ಕಿವಿಯವರ ಚೀಟಿ ತನ್ನಿ ಅನ್ನುತ್ತಾರೆ. ಸೂಜಿಗಿವಿ ಆಗ ಯಂತ್ರದ ಹಾಳೆಯನ್ನು ಅವನ ಮೂಗಿನ ಮುಂದೆ ಹಿಡಿದು, ಪಕ್ಕದ ಹಲ್ಲಿನ ಡಾಕ್ಟರಿಗೂ ಕೇಳಲೆಂದು ತುಸು ಗಟ್ಟಿಯಾಗಿ, ‘ನೀವು ಕೂದಲು ನೋಡ್ಕೊಳ್ಳಿ ಸ್ವಾಮಿ, ಕಿವಿ ನಮಗೆ ಬಿಡಿ’ ಎಂದಿದ್ದ. ಹಲ್ಲಿನ ಡಾಕ್ಟರು ನಕ್ಕಿದ್ದರು. ಕ್ಷೌರಿಕನೂ ನಕ್ಕಿದ್ದ, ಅಂಗಡಿಯಲ್ಲಿ ಗಿರಾಕಿಯ ಜೋಕಿಗೆ ನಗುವ ಹಾಗೆ. ಆ ನಗು ವರ್ಷವಿಡೀ ಸೂಜಿಗಿವಿಯ ಮನೆಯ ಕನ್ನಡಿಯಲ್ಲಿ, ಗಡ್ಡ ಕೆರೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಬಾಣ ಆ ಸಲ ಎಲ್ಲರಿಗಿಂತ ವೇಗವಾಗಿ ಓಡಿ ಎಲ್ಲರಿಗಿಂತ ಕೊನೆಗೆ ಬಂದಿದ್ದಳು. ಗಮನವೇ ಇಲ್ಲ ಇವಳಿಗೆ ಎಂದು ಮೇಷ್ಟ್ರು ಬೈದದ್ದು ಮೆಟ್ಟಿಲ ಕೆಳಗಿನ ಕೋಣೆಯವರೆಗೂ ಕೇಳಿತ್ತು. ಅದು ಬಲಗಡೆಯಿಂದ ಬಂದಿತ್ತು.

ಈ ಸಲ ಕ್ಷೌರಿಕ ಎರಡೂವರೆಗೆ ಓಟ ಸಾರ್ ಎಂದಷ್ಟೇ ಹೇಳಿ ಗೋಡೆಗೊರಗಿ ನಿಂತ. ಬಾಣ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡು ಮೊಣಕಾಲೂ ಜೋಡಿಸಿ, ‘ಪರೀಕ್ಷೆ ಮಾಮ, ಹೋದ ಸಲ ಪಾಸು ನಾನು’ ಎಂದಳು. ಬಲಗಿವಿ ಮುಗಿಯಿತು, ಎಲ್ಲಕ್ಕೂ ಕೈ. ಎಡಗಿವಿಗೆ ದಪ್ಪ ಸ್ವರ, ಕೈ. ನಡುಸ್ವರ, ಕೈ. ಎಷ್ಟು ಚುರುಕು ಎಂದರೆ ಸ್ವರ ಹುಟ್ಟುವ ಮೊದಲೇ ಎದ್ದಂಥ ಕೈ. ಅವಳು ಯಂತ್ರವನ್ನು ನೋಡುತ್ತಿರಲಿಲ್ಲ, ಅವನ ಮುಖವನ್ನೂ ನೋಡುತ್ತಿರಲಿಲ್ಲ. ಅವನ ಬಲಭುಜವನ್ನು ನೋಡುತ್ತಿದ್ದಳು, ಬೆಕ್ಕು ಬಿಲದ ಬಾಯನ್ನು ನೋಡುವಷ್ಟು ತಾಳ್ಮೆಯಿಂದ. ಆ ನೋಟ ಅವನಿಗೆ ಹೊಸದಲ್ಲ. ಒಗೆಯುವ ಯಂತ್ರದ ಕೆಂಪು ದೀಪವನ್ನು, ಮಗಳ ಮುಖವನ್ನು, ಸಭೆಯಲ್ಲಿ ಪಕ್ಕದವರ ತುಟಿಯನ್ನು ಅವನೇ ಹಾಗೆ ನೋಡುತ್ತಿದ್ದ. ಎರಡು ವರ್ಷ ಇಡೀ ಜಗತ್ತನ್ನು ಯಾಮಾರಿಸಿದ ತನ್ನ ವಿದ್ಯೆಯನ್ನು ಈ ಹೆಣ್ಣು ಯಾರ ಹತ್ತಿರವೂ ಕಲಿಯದೆ, ಬಹುಶಃ ಐದನೇ ವಯಸ್ಸಿನಿಂದ ನಡೆಸಿಕೊಂಡು ಬಂದಿದ್ದಾಳೆ ಎಂದು ತಿಳಿದಾಗ ಅವನಿಗೆ ಮೊದಲು ಆದದ್ದು ಕರುಣೆಯಲ್ಲ, ಹೊಟ್ಟೆಕಿಚ್ಚು. ಅವನು ಗುಂಡಿಯನ್ನು ಒತ್ತದೆ ಭುಜವನ್ನು ಮಾತ್ರ ಅಲ್ಲಾಡಿಸಿದ. ಬಾಣ ಕೈ ಎತ್ತಿ ನಕ್ಕಳು. ಇನ್ನೊಮ್ಮೆ ಅಲ್ಲಾಡಿಸಿದ. ಇನ್ನೊಮ್ಮೆ ಎತ್ತಿದಳು.

ಕ್ಷೌರಿಕ ಅದನ್ನು ನೋಡಿದ. ಸೂಜಿಗಿವಿ ಅವನು ನೋಡಿದ್ದನ್ನು ನೋಡಿದ. ಆಮೇಲೆ ಯಂತ್ರವನ್ನು ಎತ್ತಿಕೊಂಡು ಅವಳ ಕುರ್ಚಿಯ ಹಿಂದೆ ಹೋಗಿ ನೆಲದ ಮೇಲೆ ಕೂತು ಮತ್ತೆ ಮೊದಲಿಂದ ಒತ್ತಿದ. ಬಲಕ್ಕೆ ಕೈ ಎದ್ದಿತು, ಸ್ವಲ್ಪ ಹಿಂಜರಿಯುತ್ತ. ಎಡಕ್ಕೆ ಒತ್ತಿದಾಗ ಕೈ ಏಳಲಿಲ್ಲ. ದಪ್ಪಕ್ಕೂ ಇಲ್ಲ, ಜೋರು ಮಾಡಿದರೂ ಇಲ್ಲ. ಅವಳು ಗೋಡೆಯ ಹೆಂಚುಗಳಲ್ಲಿ ಭುಜವೊಂದನ್ನು ಹುಡುಕುತ್ತಿದ್ದಳು. ಸಿಗದಿದ್ದಾಗ ಕುತ್ತಿಗೆ ಕುಗ್ಗಿಸಿ, ‘ಪಾಸಾ, ಮಾಮ?’ ಎಂದಳು. ಕೋಣೆಯ ನಲ್ಲಿ ತೊಟ್ಟಿಕ್ಕುವುದು ಅವನಿಗೆ ಕೇಳುತ್ತಿತ್ತು, ಬಲಕ್ಕೆ. ಹೋದ ವರ್ಷದ ಹಾಳೆಯಲ್ಲಿದ್ದ ತನ್ನ ಸಹಿ, ಬಾಲ ಎತ್ತಿದ ಚೇಳಿನಂಥ ಸಹಿ, ಕಣ್ಣಿಗೆ ಕಟ್ಟಿತು.

ಆಗ ಕ್ಷೌರಿಕ, ಅಪ್ಪಣೆ ಕೇಳುವವನಂತೆ, ತಾನೊಮ್ಮೆ ಹಾಕಿಕೊಂಡು ನೋಡಲೇ ಅಂದ. ತಂಗಿಗೆ ಅಲ್ಲಿ ಏನು ಕೇಳಬೇಕಿತ್ತು ಎಂದಾದರೂ ಗೊತ್ತಾಗಲಿ ಎಂದ. ಸೂಜಿಗಿವಿ ಹೆಡ್‌ಫೋನನ್ನು ಅವನ ಕೈಗೆ ಕೊಟ್ಟ. ಕ್ಷೌರಿಕ ಕಣ್ಣು ಮುಚ್ಚಿ ಕೂತು ಬಲಕ್ಕೆ ಮೂರನ್ನೂ ಕೇಳಿದ. ಹೊಸ ಕತ್ತರಿಯನ್ನು ಕಲ್ಲಿಗೆ ಹಚ್ಚಿದ ಹಾಗಿದೆ ಎಂದು ತೆಳುಸ್ವರಕ್ಕೆ ತಲೆದೂಗಿದ. ಎಡಕ್ಕೆ ಎರಡು ಕೇಳಿದ. ಮೂರನೆಯದಕ್ಕೆ ಕಣ್ಣು ಬಿಟ್ಟು, ‘ಒತ್ತಿದ್ರಾ ಸಾರ್? ಈ ನೀಲಿ ಕಡೆ ಏನೂ ಬರ್ತಿಲ್ಲ’ ಎಂದ. ಹೆಡ್‌ಫೋನನ್ನು ತಾನೇ ತಿರುಗಿಸಿ ಹಾಕಿಕೊಂಡ, ಟೋಪಿ ಬಿಗಿಯಾದರೆ ತಿರುಗಿಸುವಷ್ಟು ಸಲೀಸಾಗಿ. ‘ಈಗ ಎಡಗಿವೀಲಿ ಕೇಳ್ತು. ಬಲಗಿವೀಲಿ ಇಲ್ಲ. ನೀಲಿದೇ ಕೆಟ್ಟಿದೆ ಸಾರ್.’

ಎರಡು ವರ್ಷದ ಹತ್ತು ಸೆಕೆಂಡು ಮುಗಿದುಹೋಗಿತ್ತು, ಬೇರೆಯವನ ತಲೆಯ ಮೇಲೆ. ಸೂಜಿಗಿವಿಗೆ ಎದೆಯಲ್ಲಿ ಸಾವಿರ ಪಾರಿವಾಳ ಹಾರಿದವು. ತನ್ನ ಕಿವಿ ಸರಿಯಿದೆ. ಕೆಟ್ಟದ್ದು ನೀಲಿ ಬಟ್ಟಲು. ಆ ಸಂತೋಷ ಒಂದು ಉಸಿರಿನಷ್ಟು ಕಾಲ ಇತ್ತು. ಎರಡನೆಯ ಉಸಿರಿಗೆ ಲೆಕ್ಕ ತಿರುಗಿತು. ಕೇಳಿಸಲಿಲ್ಲ ಎಂದಾಗ ಯಂತ್ರ ಕೆಟ್ಟಿದೆ ಎಂದು ಕೂಗಿ ಹೇಳಬಹುದಾದವನು ಕಿವಿ ಸರಿಯಿದ್ದವನು ಮಾತ್ರ. ಒಳಗೆ ಅಳುಕಿದ್ದದ್ದರಿಂದ ಅವನು ತನ್ನ ಊನವನ್ನು ಮುಚ್ಚುತ್ತಿದ್ದೇನೆ ಎಂದುಕೊಂಡು ಯಂತ್ರದ ಊನವನ್ನು ಮುಚ್ಚಿದ್ದ. ಹೋದ ವರ್ಷದವರೆಲ್ಲ, ಇವತ್ತಿನ ಮೂವತ್ತೆಂಟು ಜನ, ಇಲ್ಲದ ಸ್ವರಕ್ಕೆ ಕೈ ಎತ್ತಿದ್ದರು, ಅವನ ಹುಬ್ಬಿನ ಮೇಲಿನ ಗೌರವದಿಂದ. ಅಷ್ಟು ಕೈಗಳನ್ನು ಒಂದರ ಮೇಲೊಂದು ಇಟ್ಟರೆ ಮೈದಾನದ ದೀಪದ ಕಂಬವನ್ನು ಮೀರುತ್ತಿದ್ದವು. ಮೇಲಾಗಿ ನೀಲಿ ಬಟ್ಟಲು ಕೆಟ್ಟಿದೆ ಎಂದರೆ ಎಡಗಿವಿ ಸರಿಯಿದೆ ಎಂದಾಗುವುದಿಲ್ಲ. ಒಗೆಯುವ ಯಂತ್ರಕ್ಕೆ ನೀಲಿ ಬಟ್ಟಲು ಇರಲಿಲ್ಲ.

ಅವನು ಹೆಡ್‌ಫೋನ್ ತಿರುಗಿಸಿ, ಕೆಂಪು ಬಟ್ಟಲನ್ನು ಬಾಣಳ ಎಡಗಿವಿಗೆ ಹಾಕಿ, ಬೆನ್ನ ಹಿಂದೆ ಕೂತು ಮತ್ತೊಮ್ಮೆ ನೋಡಿದ. ಒಂದೂ ಇಲ್ಲ. ಎಡಗಿವಿ ಕೇಳದು, ಓಟಕ್ಕೆ ಬಾವುಟ ತೋರಿಸುವುದು ಎಂದು ಚೀಟಿ ಬರೆದು ಕ್ಷೌರಿಕನ ಕೈಗೆ ಕೊಟ್ಟ. ಕೊಡುವಾಗ ಏನಾದರೂ ಹೇಳಬೇಕಿತ್ತು. ಹೋದ ವರ್ಷ ನೀವು ಎಂದು ಶುರುಮಾಡಿ ನಿಲ್ಲಿಸಿದ. ಕ್ಷೌರಿಕ ಚೀಟಿಯನ್ನು ಬಾಚಣಿಗೆಯ ಪಕ್ಕ ಜೇಬಿಗಿಳಿಸಿ, ಇನ್ನೂ ಅರ್ಧ ಗಂಟೆ ಇದೆ, ಪಿಸ್ತೂಲಿನವರಿಗೆ ತೋರಿಸಿ ಬರುತ್ತೇನೆ, ಅಲ್ಲಿಯವರೆಗೆ ಇವಳು ಇಲ್ಲಿರಲಿ ಎಂದು ಹೊರಟ. ಓಡಲಿಲ್ಲ, ಅವನ ನಡಿಗೆಯೇ ಓಟದ ಹಾಗಿತ್ತು.

ತಪಾಸಣೆಯ ಮೇಲ್ವಿಚಾರಣೆಯ ಡಾಕ್ಟರಮ್ಮ ನೀಲಿ ಬಟ್ಟಲು ಕೆಟ್ಟ ಸುದ್ದಿ ಕೇಳಿ ಬಂದಳು. ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಮಾತಿಗೆ ಮುಂಚೆ ಕೈಗಡಿಯಾರ ನೋಡುವವಳು. ನೀಲಿ ಬಟ್ಟಲನ್ನು ತನ್ನ ಕಿವಿಗಿಟ್ಟು ನೋಡಿ ಮುಖ ಹಿಂಡಿದಳು. ಮೂವತ್ತೆಂಟು ಜನರನ್ನು ಸಂಜೆಯೊಳಗೆ ಮತ್ತೆ ಕರೆಯಬೇಕು, ಆಸ್ಪತ್ರೆಯಿಂದ ಬೇರೆ ಹೆಡ್‌ಫೋನ್ ತರಿಸುತ್ತೇನೆ ಎಂದಳು. ಬೆಳಗಿನ ಹಾಳೆ ಎತ್ತಿಕೊಂಡು, ಆ ದಪ್ಪ ಸರಿಗುರುತಿನ ಮೇಲೆ ಬೆರಳಿಟ್ಟಳು. ಅವಳ ದನಿಯಲ್ಲಿ ಸಂಶಯದ ಒಂದು ಎಳೆಯೂ ಇರಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. ‘ಬೆಳಿಗ್ಗೆ ನೀವು ಕೇಳಿದ್ದೀರಿ ಅಂದ್ಮೇಲೆ ಬೆಳಿಗ್ಗೆ ಸರಿ ಇತ್ತು. ನಿಮ್ಮ ಕಿವಿ ತಪ್ಪಲ್ಲ. ನಡುವೆ ಎಲ್ಲೋ ಕೆಟ್ಟಿದೆ, ಅಲ್ವಾ?’

ಅಲ್ವಾ ಎಂಬುದು ಹಾಸಿದ ಹಾಸಿಗೆಯ ಹಾಗಿತ್ತು, ಮಲಗಿದರಾಯಿತು. ನಡುವೆ ಕೆಟ್ಟಿತು ಎಂದರೆ ಹೋದ ವರ್ಷದ ಹಾಳೆಗಳು ಬೀರುವಿನಲ್ಲೇ ಉಳಿಯುತ್ತವೆ, ಯಾರನ್ನೂ ಮತ್ತೆ ಕರೆಯಬೇಕಿಲ್ಲ. ಅವನ ಬಾಯಿ ‘ಇರಬಹುದು’ ಎಂದಿತು. ಅವನೂ ಅದನ್ನು ಬೇರೆಯವರ ಮಾತಿನಂತೆ ಕೇಳಿದ. ಹಾಗಾದರೆ ಕೆಂಪು ಬಟ್ಟಲಾದರೂ ಭದ್ರವಾಗಿದೆಯೇ ಎಂದು ನಿಮ್ಮ ಕಿವಿಯಲ್ಲೇ ನೋಡಿಬಿಡೋಣ, ನಾನು ಒತ್ತುತ್ತೇನೆ, ನಿಮ್ಮ ಹೆಸರಿನಲ್ಲೇ ಬರೆಯುತ್ತೇನೆ, ಯಾರೂ ಪ್ರಶ್ನೆ ಮಾಡುವುದಿಲ್ಲ ಎಂದು ಡಾಕ್ಟರಮ್ಮ ಕುರ್ಚಿ ತೋರಿಸಿದಳು. ಬಾಣಳ ಮೇಲೆ ಹಾಕಿದ್ದ ಹೆಡ್‌ಫೋನು ಇನ್ನೂ ತಿರುಗಿಸಿದಂತೆಯೇ ಇತ್ತು. ಡಾಕ್ಟರಮ್ಮ ಹಾಗೇ ಅದನ್ನು ಅವನ ತಲೆಗೆ ಇಳಿಸಿದಳು, ಕೆಂಪು ಎಡಕ್ಕೆ. ಬೇಡ, ಬಲಕ್ಕೆ ಹಾಕಿ ಎನ್ನಲು ಒಂದು ಗಳಿಗೆ ಇತ್ತು. ಇಪ್ಪತ್ತಾರು ವರ್ಷದಲ್ಲಿ ಅವನು ಪರೀಕ್ಷೆ ಮಾಡಿಸಿಕೊಳ್ಳುವವರ ಕುರ್ಚಿಯಲ್ಲಿ ಕೂತಿರಲಿಲ್ಲ. ಇಲ್ಲಿಂದ ನೋಡಿದರೆ ಕೋಣೆ ಬಾವಿಯಷ್ಟು ಆಳ, ಹೆಂಚುಗಳು ಲಕ್ಷ ಇದ್ದವು.

ಡಾಕ್ಟರಮ್ಮ ಬೆನ್ನ ಹಿಂದೆ ಹೋದಳು. ಎದುರಿನ ಸ್ಟೂಲಿನ ಮೇಲೆ ಬಾಣ ಕೂತಿದ್ದಳು, ಕಾಲುಗಳನ್ನು ಜೋಡಿಸಿ, ಎದೆಯ ಮೇಲಿನ ನಂಬರಿನ ಪಟ್ಟಿಯನ್ನು ಸವರಿಕೊಳ್ಳುತ್ತ. ಮಾಮನಿಗೂ ಪರೀಕ್ಷೆ ಎಂದು ಅವಳಿಗೆ ತಿಳಿದಿತ್ತು. ಅವಳ ಕಣ್ಣು ಅವನನ್ನು ದಾಟಿ, ಹಿಂದೆ ಡಾಕ್ಟರಮ್ಮನ ಭುಜದ ಮೇಲೆ ಹೋಗಿ ಕೂತಿತು. ದಪ್ಪ ಸ್ವರ ಬಂತು. ಅವನು ಕೈ ಎತ್ತಿದ. ನಡುಸ್ವರ ಬಂತು, ಎತ್ತಿದ. ಆಮೇಲೆ ಏನೂ ಬರಲಿಲ್ಲ. ಬಹಳ ಹೊತ್ತು ಏನೂ ಬರಲಿಲ್ಲ. ಬಾಣಳ ಕೈ ಮಾತ್ರ ಮೊಣಕಾಲಿನಿಂದ ಒಂದು ಗೇಣು ಮೇಲೆದ್ದು, ಬೆರಳಲ್ಲಿ ಮೇಲೆ, ಮೇಲೆ ಎಂದು ಸನ್ನೆ ಮಾಡಿತು. ಅವಳು ಅವನಿಗೆ ಹೇಳಿಕೊಡುತ್ತಿದ್ದಳು. ಸಾಲಿನಲ್ಲಿ ಮುಂದೆ ಕೂತ ಜಾಣ ಹುಡುಗಿ ಹಿಂದಿನ ಬೆಂಚಿನವನಿಗೆ ಉತ್ತರ ತೋರಿಸುವ ಹಾಗೆ, ಸಿಕ್ಕಿಬೀಳುವ ಭಯವಿಲ್ಲದೆ, ಯಾವ ಪ್ರತಿಫಲವನ್ನೂ ಬಯಸದೆ.

ಅವನ ಬಲಗೈ ಒಂದು ಅಂಗುಲ ಎದ್ದಿತು. ಅಭ್ಯಾಸದ ಕೈ ಅದು, ಎರಡು ವರ್ಷ ಸಾಕಿದ ಕೈ. ಅದನ್ನು ಇಳಿಸಿ ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತ. ಎಡಗೈಯನ್ನೂ ಹಾಗೇ ಮಾಡಿದ. ಹಿಂದಿನಿಂದ ಡಾಕ್ಟರಮ್ಮ ಇನ್ನೊಮ್ಮೆ ಒತ್ತಿರಬೇಕು, ಜೋರು ಮಾಡಿ ಮತ್ತೊಮ್ಮೆ ಒತ್ತಿರಬೇಕು. ಬಾಣಳ ಕೈ ತಲೆಯವರೆಗೆ ಹೋಯಿತು, ಆಮೇಲೆ ಎರಡೂ ಕೈ ಹೋದವು. ಬಾಗಿಲಲ್ಲಿ ಕ್ಷೌರಿಕ ಬಂದು ನಿಂತಿದ್ದ. ಅವನ ಹಿಂದೆ ಮೈದಾನದ ಬೆಳಕಿನಲ್ಲಿ ಯಾರೋ ಕೆಂಪು ಬಾವುಟವನ್ನು ಬೀಸಿ ನೋಡುತ್ತಿದ್ದರು, ಪಟಪಟ ಅನ್ನುತ್ತಿದ್ದಿರಬೇಕು. ಬಾಣ ಅತ್ತ ನೋಡಲಿಲ್ಲ. ಇಷ್ಟು ದಡ್ಡನನ್ನು ಅವಳು ಹುಟ್ಟಾ ಕಂಡಿರಲಿಲ್ಲ. ಮುಂದೆ ಬಾಗಿ, ತುಟಿಗಳನ್ನು ದೊಡ್ಡದಾಗಿ ಆಡಿಸಿ, ಅವನಿಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು:

‘ಎತ್ತು, ಮಾಮ. ಫೇಲ್ ಆಗ್ತೀಯ.’

ಅವನು ಗೊತ್ತು ಎಂಬಂತೆ ತಲೆಯಾಡಿಸಿದ. ಕೈಗಳು ಭಾರದ ಕೆಳಗೆ ಜೋಮು ಹಿಡಿಯತೊಡಗಿದ್ದವು.